ಒತ್ತೆಗಿಟ್ಟ ಛತ್ರಿ

ಮೊನ್ನೆ ಚಟ್ನಿಪುಡಿ ಮಾಡೋಣವೆಂದು ಡಬ್ಬಿಯಲ್ಲಿದ್ದ ಕೊಬ್ಬರಿ ಗಿಟುಕು ತೆಗೆದು ತುರಿಯಲು ಕೂತೆ. ಹೊರಗಿನಿಂದ ನೋಡಿದರೆ ಯಾವ ಕೊರತೆಯೂ ಇರಲಿಲ್ಲ. ಒಳ್ಳೇ ಕಂದು ಬಣ್ಣ, ಎಲ್ಲೂ ಬಿರುಕಿಲ್ಲ. ನಾಲ್ಕು ಸಲ ತುರಿಮಣೆಗೆ ಉಜ್ಜುವಷ್ಟರಲ್ಲಿ ಕೌಟು ವಾಸನೆ ಮೂಗಿಗೆ ಹೊಡೆಯಿತು. ಕೊಬ್ಬರಿಯೊಳಗಿನ ಎಣ್ಣೆ ಕೆಟ್ಟಾಗ ಬರುವ ವಾಸನೆ ಅದು. ನಮ್ಮ ತಿಪಟೂರು ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಚೂರು ಬಾಯಿಗೆ ಹೋದರೂ ಸಂಜೆಯವರೆಗೆ ಗಂಟಲು ಬಿಡುವುದಿಲ್ಲ. ಪುಡಿಗೆ ಬೆರೆಸುವ ಮುಂಚೆಯೇ ಗೊತ್ತಾಯಿತಲ್ಲ, ಅಷ್ಟು ಮಟ್ಟಿಗೆ ದೇವರು ಕಾಪಾಡಿದ ಎಂದುಕೊಂಡೆ.

ಗಿಟುಕನ್ನು ಹಿತ್ತಿಲಿಗೆ ಎಸೆದು ಬಂದರೂ ಕೈಯಲ್ಲಿ ವಾಸನೆ ಉಳಿದಿತ್ತು. ಹುಣಸೆಹಣ್ಣು ಹಚ್ಚಿ ತೊಳೆದರೂ ಹೋಗಲಿಲ್ಲ. ಕೈ ಮೂಸಿಕೊಳ್ಳುತ್ತಾ ನಿಂತಾಗ ಕಿವಿಯ ಹತ್ತಿರವೇ ಯಾರೋ ಅಂದಂತಾಯಿತು. "ಅಲ್ಲಾಡಿಸಿ ನೋಡ್ದೇನೇ? ಮ್ಯಾಲೆ ನೋಡಿ ಮೋಸ ಹೋಗಾಕೆ ನೀನೇನು ಪ್ಯಾಟೆಯೋಳಾ?"

ಎದುರುಮನೆ ಅಜ್ಜಿ. ಹೋಗಿ ವರ್ಷಗಳಾದವು…

ನಮ್ಮದು ಅರಳಗುಪ್ಪೆಯಿಂದ ಸ್ವಲ್ಪ ಒಳಗಿರುವ ಊರು. ಇಲ್ಲಿ ಕಾಯಿಯನ್ನು ಕೊಯ್ದ ಕೂಡಲೇ ಒಡೆಯುವುದಿಲ್ಲ. ಅಡುಗೆಮನೆಯ ಮೇಲಿನ ಅಟ್ಟಕ್ಕೆ ಹಾಕಿ, ಹೆಚ್ಚು ಕಡಿಮೆ ವರ್ಷ ಕಾಯುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ಕಾಯಿ ಚಿಪ್ಪಿನಿಂದ ಬಿಟ್ಟುಕೊಂಡು ಗಿಟುಕಾಗಬೇಕು. ಆಯಿತೋ ಇಲ್ಲವೋ ಎಂದು ಹೊರಗಿನಿಂದ ಕಾಣುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಗುಳು ಎಂದರೆ ಇನ್ನೂ ನೀರಿದೆ, ಗಟಗಟ ಎಂದರೆ ಆಗಿದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆದದ್ದರಲ್ಲಿ ಒಳ್ಳೆಯದು ಯಾವುದು, ಕೌಟು ಯಾವುದು ಎಂದು ಹೇಳಲು ಊರಿನವರೆಲ್ಲ ಎದುರುಮನೆ ಅಜ್ಜಿಯನ್ನೇ ಕರೆಯುತ್ತಿದ್ದರು. ಅಜ್ಜಿ ಅಲ್ಲಾಡಿಸಿ, ಕಾಯಿಯ ತೊಟ್ಟಿಗೆ ಮೂಗಿಟ್ಟು, ಮುಖ ಗಂಟಿಕ್ಕಿ ಒಂದು ಕಡೆಗೆ ಎಸೆಯುತ್ತಿದ್ದಳು. ತಪ್ಪಿದ್ದೂ ಉಂಟು. ಆಗ ತಪ್ಪು ಅಜ್ಜಿಯದಲ್ಲ, ಕಾಯಿಯದು. "ಕಳ್ಳಕಾಯಿ ಕಣೇ ಇದು" ಎಂದು ಅದನ್ನೇ ಬೈಯುತ್ತಿದ್ದಳು.

ಅನುಮಾನ ಎಂಬುದು ಅಜ್ಜಿಗೆ ದೇವರು ಕೊಟ್ಟ ಒಡವೆ. ಹೊಸ ಸೀರೆ ತಂದರೆ ಒದ್ದೆ ಹೆಬ್ಬೆರಳಿನಲ್ಲಿ ತಿಕ್ಕಿ ಬಣ್ಣ ಬಿಡುತ್ತದೋ ನೋಡುವಳು. ಗುಡಿಯ ಪ್ರಸಾದವನ್ನೂ ಒಂದು ಸಲ ಮೂಸಿಯೇ ಬಾಯಿಗೆ ಹಾಕಿಕೊಳ್ಳುವಳು. ನನ್ನ ನಾದಿನಿಯನ್ನು ನೋಡಲು ಬಂದಿದ್ದ ಹುಡುಗ ಕೂತ ಕಡೆಯಿಂದ ಏಳಲೇ ಇಲ್ಲವೆಂದು, ತೆಂಗಿನ ತೋಟ ತೋರಿಸುವ ನೆಪದಲ್ಲಿ ಅವನನ್ನು ಬಾವಿಯವರೆಗೂ ನಡೆಸಿಕೊಂಡು ಹೋಗಿ ಕಾಲು ಸರಿಯಿದೆಯೋ ಇಲ್ಲವೋ ನೋಡಿ ಬಂದಿದ್ದಳು. ನಾವೆಲ್ಲ ಅಜ್ಜಿಯನ್ನು ಹೋಗು ಬಾ ಎಂದೇ ಮಾತಾಡಿಸುತ್ತಿದ್ದೆವು. ಬಹುವಚನ ಹಚ್ಚಿದರೆ, ಇವರಿಗೆ ನನ್ನಿಂದ ಏನೋ ಕೆಲಸ ಆಗಬೇಕಾಗಿದೆ ಎಂದು ಅದಕ್ಕೂ ಅನುಮಾನ.

ನನ್ನ ಮಗಳು ಹುಟ್ಟಿದ್ದು ಅಜ್ಜಿ ಇನ್ನೂ ಗಟ್ಟಿಯಾಗಿ ಓಡಾಡುತ್ತಿದ್ದ ಕಾಲದಲ್ಲಿ. ಅದಕ್ಕೆ ಮೊದಲು ನನಗೆ ಎರಡು ಬಸಿರು ನಿಂತಿರಲಿಲ್ಲ. ಮನೆದೇವರಿಗೆ ಹರಕೆ ಹೊತ್ತು, ಸೋಮವಾರ ಸೋಮವಾರ ಒಪ್ಪೊತ್ತು ಮಾಡಿ ಪಡೆದ ಮಗು. ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಬಾಣಂತನವನ್ನು ನಮ್ಮತ್ತೆಯವರೇ ಮಾಡಿದರು. ಅದೂ ಒಂದು ಪುಣ್ಯವೇ, ಎಷ್ಟು ಜನ ಅತ್ತೆಯರು ಮಾಡುತ್ತಾರೆ? ಬೀದಿ ಕಡೆಯ ಕೋಣೆಯಲ್ಲಿ ಸಾಂಬ್ರಾಣಿ ಹೊಗೆಯ ನಡುವೆ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿರುತ್ತಿದ್ದೆ. ಕಿಟಕಿ ತೆರೆದರೆ ಅಜ್ಜಿಯ ಜಗಲಿ. ನನಗೆ ಆಗ ಜಗತ್ತೆಂದರೆ ಅಷ್ಟೇ.

ಅದೇ ಸಮಯಕ್ಕೆ ಊರಿಗೆ ಹೊಸ ಸೂಜಿ ಬಂತು. ಐದು ರೋಗಕ್ಕೆ ಒಂದೇ ಸೂಜಿ, ಮಗುವಿಗೆ ಒಂದೂವರೆ ತಿಂಗಳಾದಾಗ ಶುರು ಎಂದು ಮೈಕು ಕಟ್ಟಿಕೊಂಡ ಜೀಪು ಬೀದಿಬೀದಿಯಲ್ಲಿ ಕೂಗಿಕೊಂಡು ಹೋಯಿತು. ಅಂಗನವಾಡಿಯ ಗೋಡೆಗೆ ನಗುವ ಮಗುವಿನ ಚಿತ್ರ ಅಂಟಿಸಿದರು. ಸೂಜಿ ಹಾಕುವ ಬುಧವಾರ ಬಂದಾಗ ಒಬ್ಬ ತಾಯಿಯೂ ಅಂಗನವಾಡಿಯ ಕಡೆ ತಲೆ ಹಾಕಲಿಲ್ಲ. "ಒಂದೊಂದಕ್ಕೆ ಒಂದೊಂದು ಸೂಜಿ ಹಾಕ್ತಿದ್ದೋರು ಈಗ ಐದನ್ನೂ ಒಂದೇ ಸಲ ಯಾಕೆ ತುರುಕ್ತಾರೆ?" ಎಂದು ನಮ್ಮತ್ತೆ ಕೇಳಿದರು. ನನಗೂ ಅದೇ ಅನುಮಾನ.

ಅದರ ಮೇಲೆ ನಮ್ಮ ಚಿಕ್ಕಮಾವನವರು ಹುಳಿಯಾರು ಸಂತೆಯಿಂದ ಒಂದು ಸುದ್ದಿ ಹೊತ್ತು ತಂದರು. ಆ ಕಡೆ ಯಾವುದೋ ಮಗು ಈ ಸೂಜಿ ಹಾಕಿಸಿಕೊಂಡು ಹೋಗಿಬಿಟ್ಟಿತಂತೆ. ಜಗಲಿಯ ಮೇಲೆ ಕೂತು ಅವರು ಅದನ್ನು ಹೇಳುತ್ತಿದ್ದದ್ದು ನನಗೆ ಕಿಟಕಿಯಿಂದ ಕೇಳಿಸುತ್ತಿತ್ತು. ಮಗುವನ್ನು ಎದೆಗೆ ಅವಚಿಕೊಂಡು ಶಿವಶಿವಾ ಎನ್ನುತ್ತಿದ್ದೆ. ಅಷ್ಟರಲ್ಲಿ ಅಜ್ಜಿಯ ದನಿ ಕೇಳಿತು.

"ಯಾವೂರ್ಲಾ?"

"ಹುಳಿಯಾರ ಕಡೆ ಕಣಜ್ಜಿ."

"ಕಡೆ ಅಂದ್ರೆ? ಊರಿಗೆ ಹೆಸರಿಲ್ವಾ? ಯಾರ ಮನೆ?"

"ನಂಗೇನು ಗೊತ್ತು? ಎಲೆಅಡಿಕೆ ಅಂಗ್ಡೀಲಿ ಮಾತಾಡ್ತಿದ್ರು."

"ಹೆಣ್ಣುಮಗೂನೋ ಗಂಡುಮಗೂನೋ?"

ಚಿಕ್ಕಮಾವ ಎದ್ದು ಹೋಗಿ ಎಲೆಅಡಿಕೆ ಉಗಿದು ಬಂದು, "ಗಂಡು" ಎಂದರು.

"ಈಗ ಹುಟ್ಟಿಸ್ಕೊಂಡೆ ನೀನು ಅದನ್ನ" ಎಂದಳು ಅಜ್ಜಿ. "ಸಂತೆಯಿಂದ ತಂದ ಸೌತೆಕಾಯಿನೇ ಕಹಿ ನೋಡ್ದೆ ತಿನ್ನಲ್ಲ ನಾವು. ಸುದ್ದೀನ ಹಂಗೇ ನುಂಗ್ತೀಯಲ್ಲೋ!"

ಜಗಲಿಯ ಮೇಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಸುದ್ದಿ ಸುಳ್ಳಿರಬಹುದು, ಆದರೆ ಸೂಜಿ ನಿಜ ಎಂದು ಯಾರು ಹೇಳಬೇಕು? ಇನ್ನೊಂದು ಕಡೆಗೆ ನನಗೆ ಬೇರೊಂದು ಭಯವೂ ಇತ್ತು. ನನಗಿಂತ ಮೊದಲು ನಮ್ಮಮ್ಮನಿಗೆ ಒಂದು ಗಂಡುಮಗುವಾಗಿ ನಾಯಿಕೆಮ್ಮಿನಲ್ಲಿ ಹೋಗಿತ್ತು. ಕೆಮ್ಮಿ ಕೆಮ್ಮಿ ಉಸಿರು ತೆಗೆಯಲಾರದೆ ತುಟಿ ನೀಲಿಯಾಗುತ್ತಿತ್ತು ಎಂದು ಅಮ್ಮ ಹೇಳುತ್ತಿದ್ದಳು. ಹೇಳುವಾಗಲೆಲ್ಲ ತನ್ನ ತುಟಿಯನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು… ಜೀಪಿನ ಮೈಕಿನಲ್ಲಿ ಕೂಗಿದ ಐದು ರೋಗಗಳಲ್ಲಿ ನಾಯಿಕೆಮ್ಮೂ ಒಂದು. ಹಾಕಿಸಿದರೆ ಒಂದು ಭಯ, ಬಿಟ್ಟರೆ ಒಂದು ಭಯ. ಮಗು ಮಾತ್ರ ಏನೂ ಗೊತ್ತಿಲ್ಲದೆ ಹಾಲು ಕುಡಿಯುತ್ತಿತ್ತು.

ನಮ್ಮೂರಿಗೆ ಬರುತ್ತಿದ್ದ ನರ್ಸಮ್ಮ ಹಾಸನದ ಕಡೆಯವರು. ಜೋರು ಮಾತಿನವರಲ್ಲ. ಯಾರೂ ಬಾರದ ಆ ಬುಧವಾರ ಖಾಲಿ ಕೂತು ಸಾಕಾಗಿ, ಮರುದಿನ ಮಧ್ಯಾಹ್ನ ಬಿಸಿಲಿನಲ್ಲಿ ಛತ್ರಿ ಹಿಡಿದು ನೇರ ಅಜ್ಜಿಯ ಜಗಲಿಗೇ ಬಂದರು. ಊರಿನಲ್ಲಿ ಯಾರನ್ನು ಹಿಡಿಯಬೇಕೆಂದು ಅವರಿಗೆ ಯಾರು ಹೇಳಿದರೋ. ನಾನು ಕಿಟಕಿಯ ಬಾಗಿಲನ್ನು ಸ್ವಲ್ಪವೇ ಸರಿಸಿಕೊಂಡೆ.

"ಅಜ್ಜೀ, ಹೇಗಿದ್ದೀರಿ? ಆರೋಗ್ಯವಾಗಿದ್ದೀರಾ?"

"ಏನಾಗ್ಬೇಕಿತ್ತು, ಅದನ್ನ ಮೊದ್ಲು ಹೇಳು" ಎಂದಳು ಅಜ್ಜಿ.

ನರ್ಸಮ್ಮ ನಕ್ಕು ಪಕ್ಕದಲ್ಲಿ ಕೂತರು. ಸೂಜಿ ಒಳ್ಳೆಯದು ಎಂದು ಶುರು ಮಾಡುತ್ತಾರೆಂದು ನಾನು ಕಾಯುತ್ತಿದ್ದೆ. ಅವರು ಅದನ್ನು ಹೇಳಲೇ ಇಲ್ಲ. ಅಟ್ಟದ ಕಾಯಿಯ ಮಾತು ತೆಗೆದರು. ಒಡೆಯದೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರು. ಅಜ್ಜಿ ಹೇಳುವಷ್ಟು ಹೇಳಿಸಿಕೊಂಡು, ಆಮೇಲೆ ಚೀಲದಿಂದ ಎರಡು ಪುಟ್ಟ ಖಾಲಿ ಬಾಟ್ಲಿ ತೆಗೆದರು. ಮಕ್ಕಳ ಬಾಯಿಗೆ ಹಾಕುವ ಪೋಲಿಯೊ ಹನಿಯದು. ಅದರ ಚೀಟಿಯ ಮೇಲೆ ನೇರಳೆ ಬಣ್ಣದ ಒಂದು ಬಳೆ, ಬಳೆಯೊಳಗೆ ಬಿಳಿಯ ಒಂದು ಚೌಕ. ಔಷಧಿ ತಂಪಿನಲ್ಲೇ ಇದ್ದರೆ ಚೌಕ ಬೆಳ್ಳಗೇ ಇರುತ್ತದೆ, ಶಾಖ ತಗುಲಿ ಕೆಡುತ್ತಾ ಬಂದರೆ ಕಪ್ಪಾಗುತ್ತಾ ಬಂದು ಬಳೆಯ ಬಣ್ಣಕ್ಕೆ ತಿರುಗುತ್ತದೆ, ತಿರುಗಿದ್ದನ್ನು ನಾವು ಯಾರಿಗೂ ಹಾಕುವುದಿಲ್ಲ ಎಂದರು. ಹೊಸ ಸೂಜಿಯ ಬಾಟ್ಲಿಯ ಮೇಲೂ ಇದೇ ಗುರುತು ಇದೆ ಎಂದರು.

ಅಜ್ಜಿ ಬಾಟ್ಲಿಯನ್ನು ಇಸಿದುಕೊಂಡು ಮೊದಲು ಮಾಡಿದ ಕೆಲಸವೆಂದರೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ್ದು. ನರ್ಸಮ್ಮ ಬಾಯಿಗೆ ಸೆರಗು ಹಿಡಿದುಕೊಂಡರು.

"ಚೀಟಿ ಮ್ಯಾಲೆ ಬಣ್ಣ ಯಾರು ಬೇಕಾದ್ರೂ ಬಳೀಬೋದು" ಎಂದಳು ಅಜ್ಜಿ. "ಇದನ್ನ ನನ್ ತಾವ ಬುಟ್ಟೋಗು. ನೋಡ್ತೀನಿ."

"ಅದಕ್ಕೇ ತಂದಿದ್ದು ಅಜ್ಜಿ. ಆದ್ರೆ ವಾಪಸ್ ಕೊಡ್ಬೇಕು, ನಾನು ಲೆಕ್ಕ ಒಪ್ಪಿಸ್ಬೇಕು."

ಅಜ್ಜಿ ಒಳಗೆ ಹೋಗಿ ಅರಿಶಿನದ ದಾರ ತಂದು ಎರಡು ಬಾಟ್ಲಿಯ ಕತ್ತಿಗೂ ಕಟ್ಟಿ, ತನ್ನದೇ ಆದ ಗಂಟು ಹಾಕಿದಳು. ಬದಲಾಯಿಸಿಬಿಟ್ಟರೆ ಎಂಬ ಅನುಮಾನ. ಒಂದನ್ನು ನರ್ಸಮ್ಮ ಆಸ್ಪತ್ರೆಯ ತಂಪುಪೆಟ್ಟಿಗೆಗೆ ಒಯ್ದರು, ಇನ್ನೊಂದನ್ನು ಅಜ್ಜಿ ಅಟ್ಟಕ್ಕೆ ಏರಿಸಿದಳು. ಒಲೆಯ ನೇರಕ್ಕೆ, ಕಾಯಿಗಳ ನಡುವೆ. ಬೇಸಿಗೆಯ ದಿನಗಳು, ಮೇಲೆ ಹೆಂಚು, ಕೆಳಗೆ ಬೆಂಕಿ. ದಿನಾ ಬೆಳಿಗ್ಗೆ ಏಣಿ ಹತ್ತಿ ನೋಡಿ ಬರುತ್ತಿದ್ದಳು. ಸೊಸೆ, "ಅತ್ತೆ, ಬಿದ್ದು ಸೊಂಟ ಮುರ್ಕೊಂಡ್ರೆ ಅದಕ್ಕೂ ಒಂದು ಸೂಜಿ ಇದ್ಯಾ ಕೇಳ್ಕೊಳ್ಳಿ" ಎಂದು ಕೆಳಗಿನಿಂದ ಬೈಯುತ್ತಿದ್ದಳು.

ವಾರ ತುಂಬುವ ಮುಂಚೆಯೇ ಒಂದು ಬೆಳಿಗ್ಗೆ ಅಜ್ಜಿ ಏಣಿ ಇಳಿದು ಬೀದಿಗೇ ಬಂದು ಬಾಟ್ಲಿಯನ್ನು ಬಿಸಿಲಿಗೆ ಎತ್ತಿ ಹಿಡಿದಳು. "ಕೌಟಾಯ್ತು ಕಣ್ರೇ! ಬಂದು ನೋಡ್ರೇ!" ಬಿಂದಿಗೆ ಇಳಿಸಿ ಹೆಂಗಸರು ಬಂದರು, ಸಗಣಿ ಕೈಯಲ್ಲೇ ಬಂದರು. ಚೌಕ ಬಳೆಗಿಂತಲೂ ಕಪ್ಪಾಗಿತ್ತು. ಹೇಳಿಕಳಿಸಿದ ಮೇಲೆ ನರ್ಸಮ್ಮ ತಮ್ಮ ಬಾಟ್ಲಿ ತಂದು ಪಕ್ಕದಲ್ಲಿಟ್ಟರು. ಗಂಟು ಅಜ್ಜಿಯದೇ, ಚೌಕ ಬೆಳ್ಳಗೇ ಇತ್ತು. ಅಲ್ಲಿಂದ ಮುಂದೆ ನಮ್ಮೂರಿನಲ್ಲಿ ಕೆಟ್ಟ ಲಸಿಕೆಗೆ ಕೌಟು ಎಂದೇ ಹೆಸರಾಯಿತು.

ಎಲ್ಲರೂ ಇನ್ನು ಮುಗಿಯಿತು ಎಂದುಕೊಂಡರು. ಅಜ್ಜಿಗೆ ಮುಗಿದಿರಲಿಲ್ಲ.

"ಕೆಟ್ಟಿಲ್ಲ ಅನ್ನೋದು ಗೊತ್ತಾಗತ್ತೆ, ಸರಿ" ಎಂದಳು. "ಒಳ್ಳೇದು ಅನ್ನೋದು ಹೆಂಗೆ ಗೊತ್ತಾಗತ್ತೆ?"

ನರ್ಸಮ್ಮ ಎರಡೂ ಬಾಟ್ಲಿಯನ್ನು ಚೀಲಕ್ಕೆ ಹಾಕಿಕೊಂಡರು. ಆಮೇಲೆ, "ಅದನ್ನ ಈ ಬಾಟ್ಲಿ ಹೇಳಲ್ಲ ಅಜ್ಜಿ. ಹಾಕಿದ ದಿನ ಮಗೂಗೆ ಜ್ವರ ಬರ್ಬೋದು, ಹಾಕಿದ ಕಡೆ ಊದ್ಬೋದು. ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಹೋಗತ್ತೆ. ನಾಯಿಕೆಮ್ಮು ಬಂದ್ರೆ ಹಾಗೆ ಹೋಗಲ್ಲ" ಎಂದರು.

"ಜ್ವರ ಬಂದಾಗ ನೀನೆಲ್ಲಿರ್ತೀಯಾ?"

"ನನ್ನೂರಲ್ಲಿ."

"ಅದೇ ಮತ್ತೆ! ಚುಚ್ಚೋದು, ಬಸ್ಸು ಹತ್ತೋದು. ಅಳೋರು ನಾವು." ಅಜ್ಜಿ ಅಲ್ಲಿಗೇ ಬಿಡಲಿಲ್ಲ. "ಮಾರನೇ ದಿನ ಬತ್ತೀಯಾ?"

"ಬರ್ತೀನಿ."

"ದೇವ್ರಾಣೆ ಇಡ್ಬೇಡ, ಇಟ್ಟೋರ್ನೆಲ್ಲ ನೋಡಿದೀನಿ. ಒತ್ತೆ ಇಡು. ಆ ಛತ್ರಿ ಕೊಡು."

ಹೆಂಗಸರೆಲ್ಲ ನಕ್ಕುಬಿಟ್ಟರು. ಅಜ್ಜಿ ನಗಲಿಲ್ಲ. ಕೈ ಚಾಚಿಯೇ ಇದ್ದಳು. ಸೂಜಿ ಹಾಕಿದ ದಿನ ಛತ್ರಿ ತನ್ನ ಜಗಲಿಯ ಗೂಟದಲ್ಲಿ ಇರಬೇಕು, ಮಾರನೇ ದಿನ ಬಂದು ಸೂಜಿ ಹಾಕಿದ ಮನೆಮನೆಗೂ ಹೋಗಿ ಮಗುವಿನ ಮೈ ಮುಟ್ಟಿ ನೋಡಿದ ಮೇಲೇ ಛತ್ರಿ ವಾಪಸ್. ಇದು ಕರಾರು. ಆ ಬಿಸಿಲಿನಲ್ಲಿ ಊರಿಂದ ಬಸ್ಸು ನಿಲ್ಲುವ ಗೇಟಿನವರೆಗೆ ಛತ್ರಿಯಿಲ್ಲದೆ ನಡೆಯುವುದು ಆಟವಲ್ಲ. ನರ್ಸಮ್ಮ ಒಪ್ಪಿದರು. ಸೂಜಿ ಹಾಕುವ ಜಾಗವೂ ಬದಲಾಯಿತು, ಅಂಗನವಾಡಿಯಲ್ಲಲ್ಲ, ಅಜ್ಜಿಯ ಜಗಲಿಯಲ್ಲಿ.

ಮುಂದಿನ ಬುಧವಾರಕ್ಕೆ ಬೀದಿಯಲ್ಲಿ ಒಂದೂವರೆ ತಿಂಗಳು ತುಂಬಿದ ಮಗು ಎಂದರೆ ನನ್ನದೊಂದೇ.

ನಮ್ಮತ್ತೆ ಒಪ್ಪಿರಲಿಲ್ಲ. ಯಜಮಾನರು, "ಅಜ್ಜಿ ಏನಂತಾಳೋ ಹಾಗೆ" ಎಂದು ತೋಟಕ್ಕೆ ಹೋಗಿಬಿಟ್ಟಿದ್ದರು. ಅಜ್ಜಿಯೇ ನನ್ನ ಕೋಣೆಗೆ ಬಂದಳು. ಮಡಿಲಿನಲ್ಲಿದ್ದ ಮಗುವನ್ನು ನೋಡುತ್ತಾ, "ನಾನು ಒಳ್ಳೇದು ಅಂತ ಹೇಳಲ್ಲ ಕಣ್ ಮಗ, ನಂಗೆ ಗೊತ್ತಿಲ್ಲ. ಕೌಟಲ್ಲ ಅಂತ ಮಾತ್ರ ಹೇಳ್ತೀನಿ. ಆಮೇಲಿಂದು ನೀನು, ನಿನ್ನ ದೇವ್ರು" ಎಂದಳು. ಯಾರಾದರೂ ಧೈರ್ಯ ಹೇಳಿದ್ದರೆ ನಾನು ಹೋಗುತ್ತಿರಲಿಲ್ಲವೇನೋ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದವಳ ಮಾತು ನಂಬಬಹುದು ಅನ್ನಿಸಿತು. ಅಮ್ಮ ತುಟಿ ಮುಟ್ಟಿಕೊಳ್ಳುತ್ತಿದ್ದದ್ದು ಕಣ್ಣ ಮುಂದೆ ಬಂತು. ತಲೆಗೆ ಬಟ್ಟೆ ಕಟ್ಟಿಕೊಂಡು, ಮನೆದೇವರ ಭಂಡಾರ ಮಗುವಿನ ಹಣೆಗಿಟ್ಟು ಬೀದಿ ದಾಟಿದೆ. ಅಜ್ಜಿ ಬಾಟ್ಲಿಯ ಚೌಕ ನೋಡಿ "ಹೂಂ" ಎಂದಳು. ಮಗು ಒಂದು ಸಲ ಕಿರುಚಿ ಉಸಿರು ಹಿಡಿಯಿತು…

ಸಂಜೆಯ ಹೊತ್ತಿಗೆ ಮೈ ಕಾದ ಕಾವಲಿಯಾಯಿತು. ನಮ್ಮತ್ತೆ ಬಾಗಿಲಲ್ಲಿ ನಿಂತು, "ಇದ್ದ ಒಂದನ್ನೂ ಕಳ್ಕೊಳ್ಳೋಕೆ ಹೊರಟ್ಯಲ್ಲೇ" ಎಂದರು. ನಾನು ನರ್ಸಮ್ಮ ಹೇಳಿಕೊಟ್ಟಂತೆ ಜ್ವರದ ಔಷಧಿಯ ಹನಿ ಹಾಕಿ, ಹಾಲು ಕುಡಿಸಿ, ಮೈಮೇಲಿನ ದಪ್ಪ ಬಟ್ಟೆ ತೆಗೆದೆ. ಅಜ್ಜಿ ಬಂದು ಗೋಡೆಗೊರಗಿ ಕೂತಳು. ನನ್ನನ್ನು ಸಮಾಧಾನ ಮಾಡಲಿಲ್ಲ. ನಮ್ಮತ್ತೆಯ ಕಡೆ ತಿರುಗಿ, "ಬೈಯೋದಿದ್ರೆ ನನ್ನ ಬೈಯಮ್ಮಿ. ಬಾಣಂತಿಗೆ ಹಾಲು ಬತ್ತಿಹೋದೀತು" ಎಂದಳು.

ಬೆಳಗಾದಾಗ ಜ್ವರ ಇಳಿದಿತ್ತು, ಆದರೆ ತೊಡೆಯ ಮೇಲೆ ಅಡಿಕೆಯಷ್ಟು ಗಂಟು. ಬೆಳಗಿನ ಬಸ್ಸು ಬಂತು, ನರ್ಸಮ್ಮ ಬರಲಿಲ್ಲ. ಹಾಲಿನ ಡೈರಿಯಿಂದ ಬಂದವರೆಲ್ಲ ಅಜ್ಜಿಯ ಜಗಲಿಯ ಮುಂದೆ ನಿಂತು ಗೂಟದಲ್ಲಿದ್ದ ಛತ್ರಿ ನೋಡಿಕೊಂಡು ಹೋಗುತ್ತಿದ್ದರು. "ಅಜ್ಜಿ, ಛತ್ರಿ ನಿಂದಾಯ್ತು ಬುಡು" ಎಂದು ಒಬ್ಬರು ಛೇಡಿಸಿದರು. "ಹಳೇ ಛತ್ರಿ ಕೊಟ್ಟು ಯಾಮಾರಿಸವ್ಳೆ" ಎಂದು ಇನ್ನೊಬ್ಬರು. ಅಜ್ಜಿ ಛತ್ರಿ ಇಳಿಸಿ, ಬಿಚ್ಚಿ, ಕಡ್ಡಿ ಕಡ್ಡಿಯನ್ನೂ ನೋಡಿದಳು. ಮತ್ತೆ ಗೂಟಕ್ಕೆ ಹಾಕಿದಳು. "ಬರಲ್ಲ ಕಣೇ" ಎಂದಳು ನನ್ನ ಕಿಟಕಿಯ ಕಡೆ ತಿರುಗಿ. ಆ ಮುಖ ನನಗೆ ಇನ್ನೂ ನೆನಪಿದೆ. ಇನ್ನೊಬ್ಬರಿಂದ ಮೋಸ ಹೋದವಳ ಸಿಟ್ಟಲ್ಲ ಅದು, ತನ್ನ ಕಿವಿಯೇ ತನಗೆ ಮೋಸ ಮಾಡಿತಲ್ಲ ಎಂಬಂತೆ ಇತ್ತು.

ಬಿಸಿಲು ನೆತ್ತಿಗೆ ಬಂದಾಗ ತೋಟದ ಕಡೆಯಿಂದ ನರ್ಸಮ್ಮ ಕಾಣಿಸಿದರು. ಬಸ್ಸು ತಪ್ಪಿಹೋಗಿ, ಹೆದ್ದಾರಿಯಿಂದಲೇ ನಡೆದು ಬಂದಿದ್ದರು. ಸೆರಗನ್ನು ತಲೆಗೆ ಹಾಕಿಕೊಂಡಿದ್ದರು, ಮುಖ ಕೆಂಡವಾಗಿತ್ತು. ನೇರ ನನ್ನ ಕೋಣೆಗೆ ಬಂದು, ಕೈ ತೊಳೆದುಕೊಂಡು ಮಗುವಿನ ಹಣೆ ಮುಟ್ಟಿದರು, ತೊಡೆ ನೋಡಿದರು, "ಗಂಟು ತಾನಾಗೇ ಕರಗತ್ತೆ, ಏನೂ ಹಚ್ಬೇಡಿ" ಎಂದರು. ಹಿಂದೆಯೇ ಬಂದಿದ್ದ ಅಜ್ಜಿ, "ಹೊತ್ತಾಯ್ತು ನಿಂದು" ಎಂದಷ್ಟೇ ಹೇಳಿ ಛತ್ರಿಯನ್ನು ಅವರ ಕೈಗಿಟ್ಟಳು. ಇನ್ನೊಂದು ಕೈಯಲ್ಲಿ ಮಜ್ಜಿಗೆಯ ಚೊಂಬಿತ್ತು. ನರ್ಸಮ್ಮ ಗಟಗಟ ಕುಡಿಯುವಾಗ ಅಜ್ಜಿ ಅವರ ಚಪ್ಪಲಿಯ ಧೂಳನ್ನೇ ನೋಡುತ್ತಿದ್ದಳು. ನಿಜವಾಗಿ ನಡೆದು ಬಂದಳೋ ಇಲ್ಲವೋ ಎಂದು.

ಮುಂದಿನ ತಿಂಗಳಿಂದ ಜಗಲಿಯಲ್ಲಿ ತಾಯಂದಿರು ತುಂಬಿದರು. ನಮ್ಮತ್ತೆಯೇ ಮೊಮ್ಮಗಳನ್ನು ಎತ್ತಿಕೊಂಡು ಹೋಗುವಂತಾದರು. ನರ್ಸಮ್ಮ ಇದ್ದಷ್ಟು ವರ್ಷವೂ ಬುಧವಾರ ಬಂದ ಕೂಡಲೇ ಕೇಳುವ ಮುಂಚೆಯೇ ಛತ್ರಿಯನ್ನು ಗೂಟಕ್ಕೆ ಹಾಕುತ್ತಿದ್ದರು, ಮಳೆಗಾಲದಲ್ಲೂ. ಅಜ್ಜಿ ಮಾತ್ರ ಒಂದು ಸಲವೂ ಚೌಕ ನೋಡದೆ ಬಿಟ್ಟವಳಲ್ಲ. ಅವರಿಬ್ಬರ ನಡುವೆ ಇದ್ದದ್ದನ್ನು ನಂಬಿಕೆ ಅನ್ನಲು ನನಗೆ ಧೈರ್ಯವಿಲ್ಲ. ಅನುಮಾನಕ್ಕೂ ಒಂದು ಮರ್ಯಾದೆ ಇತ್ತು, ಅಷ್ಟೇ.

ಆಮೇಲೆ ನರ್ಸಮ್ಮನಿಗೆ ಚಿಕ್ಕನಾಯಕನಹಳ್ಳಿ ಕಡೆಗೆ ವರ್ಗವಾಯಿತು. ಕೊರೋನಾ ಬಂತು. ವಯಸ್ಸಾದವರಿಗೆ ಮೊದಲು ಲಸಿಕೆ ಎಂದು ಶಾಲೆಯ ಹತ್ತಿರ ಕ್ಯಾಂಪ್ ಹಾಕಿದಾಗ ಅಜ್ಜಿ ಕೋಲೂರಿಕೊಂಡು ಹೋದಳು. ಹೋಗಲಿಲ್ಲ ಎಂದು ಯಾರೂ ಹೇಳಬಾರದು, ಹೋದಳು. ನಾನೇ ಜೊತೆಗಿದ್ದೆ. ಬಾಟ್ಲಿ ತೋರಿಸಿ ಎಂದಳು. ಮುಖ ಕಾಣದಂತೆ ಮುಚ್ಚಿಕೊಂಡಿದ್ದ ಹುಡುಗ ದೂರದಿಂದಲೇ ತೋರಿಸಿದ. ಚೌಕ ಎಲ್ಲಿ ಎಂದಳು. ಇದಕ್ಕೆ ಅದೆಲ್ಲ ಇಲ್ಲ ಅಜ್ಜಿ ಎಂದ. "ನಾಳೆ ಬತ್ತೀಯೇನಪ್ಪ?" ಎಂದು ಕೇಳಿದಳು. "ನಾಳೆ ಬೇರೆ ಊರು ಅಜ್ಜಿ, ಬೇಗ ಕೂತ್ಕೊಳ್ಳಿ, ಹಿಂದೆ ಜನ ಇದಾರೆ." ಪಾಪ, ಅವರದೂ ತಪ್ಪಿರಲಿಲ್ಲ. ಬೆಳಗಿನಿಂದ ನೀರು ಕುಡಿಯಲೂ ಬಿಡುವಿಲ್ಲದೆ ದುಡಿಯುತ್ತಿದ್ದರು. ಅಜ್ಜಿ ಕುರ್ಚಿಯನ್ನು ನೋಡಿದಳು, ನನ್ನನ್ನು ನೋಡಿದಳು, ಕೋಲು ತಿರುಗಿಸಿ ಮನೆಗೆ ನಡೆದಳು. ದಾರಿಯುದ್ದಕ್ಕೂ ನಾನು ಹೇಳಿದೆ, ಬೈದೆ, ಕೈ ಹಿಡಿದು ಎಳೆದೆ. "ಗುರುತಿಲ್ಲ, ಒತ್ತೆ ಇಲ್ಲ, ಮುಖನೂ ಇಲ್ಲ. ಯಾವುದನ್ನ ನೋಡಿ ಕೂರ್ಲಿ ನಾನು?" ಎಂದಳು.

ಆ ಬೇಸಿಗೆಯಲ್ಲೇ ಅಜ್ಜಿಗೆ ಉಸಿರು ಕಟ್ಟಿತು. ತಿಪಟೂರಿಗೆ ಕರೆದುಕೊಂಡು ಹೋದರು. ಮುಖ ನೋಡಲೂ ಸಿಗಲಿಲ್ಲ… ಅಂದು ಹಾಕಿಸಿಕೊಂಡಿದ್ದರೆ ಉಳಿಯುತ್ತಿದ್ದಳೇ? ನನ್ನ ಬುದ್ಧಿಗೆ ಎಟುಕುವ ಪ್ರಶ್ನೆಯಲ್ಲ. ನನ್ನ ಮಗಳನ್ನು ಕಾದ ಅನುಮಾನವೇ ಅಜ್ಜಿಯನ್ನು ಕರೆದುಕೊಂಡು ಹೋಯಿತೇನೋ ಎಂದು ದೀಪ ಹಚ್ಚುವಾಗ ಕೆಲವು ಸಲ ಅನ್ನಿಸುತ್ತದೆ. ವಿಷಯ ತಿಳಿದು ಹಳೆಯ ನರ್ಸಮ್ಮ ಬಂದಿದ್ದರು. ಜಗಲಿಯ ಖಾಲಿ ಗೂಟ ನೋಡುತ್ತಾ, "ನಾನಿದ್ದಿದ್ರೆ…" ಎಂದು ನಿಲ್ಲಿಸಿದರು.

ಕೌಟು ಗಿಟುಕು ಎಸೆದ ಆ ಸಂಜೆ ಮಗಳು ಶಾಲೆಯಿಂದ ಬಂದು, ಹದಿನಾಲ್ಕು ತುಂಬಿದ ಹೆಣ್ಣುಮಕ್ಕಳಿಗೆಲ್ಲ ಹೊಸ ಲಸಿಕೆಯಂತಮ್ಮ, ಮುಂದೆ ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬಾರದಿರಲಿ ಅಂತ, ಎಂದಳು. ಅಷ್ಟರಲ್ಲಾಗಲೇ ತಾಯಂದಿರ ವಾಟ್ಸಪ್ಪಿನಲ್ಲಿ, ಹಾಕಿಸಿದರೆ ಮಕ್ಕಳಾಗುವುದಿಲ್ಲವಂತೆ ಎಂದು ಬಂದಿತ್ತು. ಯಾವೂರು, ಯಾರ ಮನೆ ಎಂದು ನಾನು ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ.

ಆಸ್ಪತ್ರೆಗೆ ಮಗಳನ್ನು ಕರೆದುಕೊಂಡು ಹೋದೆ. ಈಗಿನ ನರ್ಸು ಚಿಕ್ಕ ಹುಡುಗಿ. ಬಾಟ್ಲಿ ತೋರಿಸಮ್ಮ ಎಂದೆ, ತೋರಿಸಿದಳು. ಬಳೆ ಇತ್ತು, ಚೌಕ ಬೆಳ್ಳಗಿತ್ತು. ನನ್ನ ಹಿಂದೆ ಇನ್ನೂ ನಾಲ್ಕೈದು ತಾಯಂದಿರು ಹಾಕಿಸುವುದೋ ಬಿಡುವುದೋ ಎಂದು ನಿಂತಿದ್ದರು. "ನಾಳೆ ನಮ್ಮನೆಗೆ ಬಂದು ನೋಡ್ಕೊಂಡು ಹೋಗ್ತೀಯಾ?" ಎಂದೆ.

"ಏನಾದ್ರೂ ಆದ್ರೆ ಫೋನ್ ಮಾಡಿ ಅಕ್ಕ. ನಂಬಿಕೆ ಇಲ್ವಾ?"

"ಇಲ್ಲ ಕಣಮ್ಮ. ಇಲ್ದೇ ಇರೋದಕ್ಕೇ ಕೇಳ್ತಿರೋದು. ಏನಾದ್ರೂ ಒತ್ತೆ ಇಡು."

ಹುಡುಗಿ ನಕ್ಕಳು. ನಾನು ನಗದೆ ಕೈ ಚಾಚಿಯೇ ಇದ್ದೆ. ನನ್ನ ಮುಖದಲ್ಲಿ ಏನು ಕಂಡಿತೋ, ಮೇಜಿನ ಕೆಳಗಿಂದ ತನ್ನ ಊಟದ ಕ್ಯಾರಿಯರ್ ತೆಗೆದು ಕೊಟ್ಟಳು.

ಮಗಳಿಗೆ ತ್ರಾಸವೇನೂ ಆಗಲಿಲ್ಲ, ತೋಳು ಸ್ವಲ್ಪ ನೋಯುತ್ತದೆ ಎಂದಳು. ದೇವರು ದೊಡ್ಡವನು. ಮರುದಿನ ಹುಡುಗಿ ಬರುವಷ್ಟರಲ್ಲಿ ಕ್ಯಾರಿಯರ್ ತೊಳೆದಿಟ್ಟಿದ್ದೆ. ಯಾರ ಪಾತ್ರೆಯನ್ನೂ ಖಾಲಿ ಕೊಡಬಾರದು, ಬೆಲ್ಲ ಕೊಬ್ಬರಿಯಾದರೂ ಹಾಕೋಣವೆಂದು ಅಟ್ಟದಿಂದ ಒಂದು ಕಾಯಿ ಇಳಿಸಿಕೊಂಡೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಗಟಗಟ ಎಂದಿತು. ಕಾಯಿಯ ತೊಟ್ಟಿಗೆ ಮೂಗಿಟ್ಟೆ. ಒಳ್ಳೆಯದೋ, ಕೌಟೋ… ಎಷ್ಟು ಹೊತ್ತು ನಿಂತರೂ ನನಗೆ ಗೊತ್ತಾಗಲಿಲ್ಲ. ಎದುರು ಜಗಲಿಯ ಕಡೆ ನೋಡಿದೆ. "ಹೂಂ" ಎನ್ನುವವರು ಯಾರೂ ಇರಲಿಲ್ಲ.

ಕತ್ತಿ ತೆಗೆದುಕೊಂಡು ಕಾಯಿ ಸುಲಿಯಲು ಕೂತೆ. ಒಡೆದೇ ನೋಡಬೇಕು.